ಬೆಕ್ಕಿಗೆ ಅಪಾಯ ಇಲಿಯಿಂದಲೋ, ಇಲಿ ತಿಂದ ಕೇಕಿನಿಂದಲೋ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ತೋಟದ ಮನೆ. ಬೆಳ್ಳಿ ಅಂತ ಮೂರು ವರ್ಷದ ಹೆಣ್ಣು ಬೆಕ್ಕಿದೆ. ನಾವು ಸಸ್ಯಾಹಾರಿಗಳು, ಅದಕ್ಕೂ ಹಾಲು-ಅನ್ನವೇ. ಅಟ್ಟದಿಂದ, ಕೊಟ್ಟಿಗೆಯಿಂದ ದಿನಕ್ಕೊಂದು ಇಲಿ ಹಿಡಿದೇ ಹಿಡಿಯುತ್ತದೆ. ಹೋದ ತಿಂಗಳು ಪಕ್ಕದ ಮನೆಯ ದೊಡ್ಡ ಬೆಕ್ಕು ಸತ್ತಿತು. ಎರಡು ದಿನ ಸೌದೆ ರಾಶಿ ಹಿಂದೆ ಮುದುಡಿ ಕೂತು ಏದುಸಿರು ಬಿಡುತ್ತಿತ್ತು. ಉಪ್ಪು ನೀರು, ಕೊಬ್ಬರಿ ಎಣ್ಣೆ ಎಲ್ಲ ಕುಡಿಸಿದರು, ಉಳಿಯಲಿಲ್ಲ. ಪಾಷಾಣ ತಿಂದ ಇಲಿಯನ್ನು ತಿಂದಿದೆ ಅಂದರು. ನಮ್ಮ ಮನೆಯವರೂ ಅಡಿಕೆ ಚೀಲದ ಕೋಣೆಯಲ್ಲಿ ನೀಲಿ ಕೇಕು ಇಟ್ಟಿದ್ದಾರೆ, ತೋಟಕ್ಕೆ ಕಪ್ಪು ಪುಡಿ ಹಾಕಿಸುತ್ತಾರೆ. ಇದರ ಮೇಲೆ ಮಗಳು ಐದು ತಿಂಗಳ ಬಸುರಿ, ಬಾಣಂತನಕ್ಕೆ ಇಲ್ಲಿಗೇ ಬರುತ್ತಾಳೆ. ಬೆಕ್ಕಿನಿಂದ ಮಗುವಿಗೆ ತೊಂದರೆ, ಇಲಿ ಜ್ವರ, ಪ್ಲೇಗು ಎಲ್ಲ ಬರುತ್ತದೆ, ಗೋಣಿಚೀಲದಲ್ಲಿ ಹಾಕಿ ಹೊಳೆ ಆಚೆ ಬಿಟ್ಟು ಬನ್ನಿ ಅಂತ ಬೀಗರು ಹೇಳುತ್ತಾರೆ. ಅತ್ತೆಯವರು, ಬೆಕ್ಕಿಗೆ ಹೊಟ್ಟೆ ತುಂಬ ಹಾಕಬೇಡ, ಇಲಿ ಹಿಡಿಯೋದು ಬಿಡುತ್ತೆ ಅನ್ನುತ್ತಾರೆ. ಈಗೀಗ ಬೆಳ್ಳಿಯ ಬಾಲದ ಬುಡದಲ್ಲಿ ಒಣಗಿದ ಅಕ್ಕಿಕಾಳಿನಂಥದ್ದು ಅಂಟಿಕೊಂಡಿರುತ್ತದೆ. ಹಿಡಿದ ಇಲಿಯನ್ನು ತಂದು ನನ್ನ ಚಾಪೆ ಹತ್ತಿರವೇ ಇಡುತ್ತದೆ. ಏನು ಮಾಡಲಿ?

ಉತ್ತರ: ಅಮ್ಮಾ, ಬೆಳ್ಳಿಯನ್ನು ಹೊಳೆ ದಾಟಿಸಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮಗಳ ವಿಷಯಕ್ಕೂ ಅದಕ್ಕೂ ಸಂಬಂಧ ಇದೆ.

ನಿಮ್ಮ ಪತ್ರದಲ್ಲಿ ಎರಡು ಭಯ ಸೇರಿಕೊಂಡಿವೆ. ಇಲಿ ತಿಂದು ಬೆಕ್ಕಿಗೆ ಏನಾಗುತ್ತದೋ ಅನ್ನೋದು ಒಂದು. ಆ ಬೆಕ್ಕಿನಿಂದ ಮನೆಯವರಿಗೆ ಏನಾಗುತ್ತದೋ ಅನ್ನೋದು ಇನ್ನೊಂದು. ಮಲೆನಾಡಿನಲ್ಲಿ ದನ, ನಾಯಿ, ಬೆಕ್ಕು ನೋಡುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. ಇಲಿಯ ಕಾಯಿಲೆ ಅಂಟಿ ಸತ್ತ ಬೆಕ್ಕನ್ನು ನಾನು ನೋಡಿದ್ದು ಅಪರೂಪ. ಇಲಿಗೆ ಅಂತ ನಾವು ಹಾಕಿದ ವಿಷದಿಂದ ಸತ್ತ ಬೆಕ್ಕನ್ನು ಪ್ರತಿ ವರ್ಷ ನೋಡುತ್ತೇನೆ. ಅಡಿಕೆ, ಭತ್ತ ಮನೆಯೊಳಗೆ ಬರುವ ಕಾಲದಲ್ಲಂತೂ ಜಾಸ್ತಿ. ಹಾಗಾಗಿ ಮೊದಲು ಆ ನೀಲಿ ಕೇಕಿನ ಮಾತು.

ಅಂಗಡಿಯಲ್ಲಿ ಸಿಗುವ ಕೇಕಿನಲ್ಲಿ ಸಾಮಾನ್ಯವಾಗಿ ಬ್ರೋಮಾಡಿಯೋಲೋನ್ ಇರುತ್ತದೆ, 0.005%. ಕೇಳಲು ಏನೂ ಅಲ್ಲ ಅನ್ನುವಷ್ಟು. ಆದರೆ ಅದರ ಕೆಲಸವೇ ನಿಧಾನದ್ದು. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಮತ್ತೆ ಮತ್ತೆ ಬಳಕೆಗೆ ಬರುವುದನ್ನು ಅದು ತಡೆಯುತ್ತದೆ. ಕೇಕು ತಿಂದ ಇಲಿ ಅವತ್ತೇ ಸಾಯೋದಿಲ್ಲ. ಇನ್ನೂ ಕೆಲವು ದಿನ ಓಡಾಡುತ್ತದೆ, ಮತ್ತೆ ಬಂದು ಅದೇ ಕೇಕನ್ನು ತಿನ್ನುತ್ತದೆ, ಸಾಯಲು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ವಿಷವನ್ನು ಹೊಟ್ಟೆಯಲ್ಲಿ, ಪಿತ್ತಜನಕಾಂಗದಲ್ಲಿ ತುಂಬಿಕೊಂಡು, ಕೊನೆಗೆ ನಿಶ್ಶಕ್ತಿಯಿಂದ ಹಾಡಹಗಲೇ ಗೋಡೆ ಬದಿಯಲ್ಲಿ ತೂರಾಡುತ್ತಾ ಬರುತ್ತದೆ. ಬೆಕ್ಕಿಗೆ ಇದಕ್ಕಿಂತ ಸುಲಭದ ಬೇಟೆ ಬೇಕಾ?

ಹಾಗಂತ ಅಂಥ ಒಂದು ಇಲಿ ತಿಂದ ಕೂಡಲೇ ಬೆಕ್ಕು ಸಾಯುತ್ತದೆ ಅನ್ನೋದು ನಿಜವಲ್ಲ. ಈ ವಿಷವನ್ನು ನಾಯಿಗಿಂತ ಬೆಕ್ಕು ಸ್ವಲ್ಪ ಜಾಸ್ತಿಯೇ ತಡೆದುಕೊಳ್ಳುತ್ತದೆ. ತೊಂದರೆ ಇರೋದು ದಿನಕ್ಕೊಂದರಂತೆ ತಿನ್ನುವ ನಿಮ್ಮ ಬೆಳ್ಳಿಯಂಥವಕ್ಕೆ. ವಿಷ ಮೈಯಿಂದ ಬೇಗ ಹೋಗೋದಿಲ್ಲ, ವಾರಗಟ್ಟಲೆ ಪಿತ್ತಜನಕಾಂಗದಲ್ಲಿ ಕೂತಿರುತ್ತದೆ. ಇವತ್ತಿನದು, ನಾಳೆಯದು, ನಾಡಿದ್ದಿನದು ಸೇರುತ್ತಾ ಹೋಗುತ್ತದೆ. ಒಂದು ದಿನ ಬೆಕ್ಕು ಆಟ ಬಿಟ್ಟು ಕೂರುತ್ತದೆ. ಹೊರಗೆ ಒಂದು ಹನಿ ರಕ್ತವೂ ಕಾಣದೆ ಇರಬಹುದು, ಎದೆಗೂಡಿನೊಳಗೆ ಸೋರಿರುತ್ತದೆ. ಅದಕ್ಕೇ ಏದುಸಿರು. ಪಕ್ಕದ ಮನೆಯ ಬೆಕ್ಕಿನದು ನನಗೆ ಇದೇ ಅನ್ನಿಸುತ್ತದೆ. ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನೀವು ಬರೆದ ಆ ಎರಡು ದಿನದ ಲೆಕ್ಕ ಅದಕ್ಕೇ ಹೊಂದುತ್ತದೆ.

ಕಪ್ಪು ಪುಡಿಯದು ಬೇರೆ ಕಥೆ. ಅದು ಜಿಂಕ್ ಫಾಸ್ಫೈಡ್. ನೂರು ಪಾಲಿನಲ್ಲಿ 96 ಪಾಲು ಅಕ್ಕಿನುಚ್ಚೋ ಮತ್ತೊಂದೋ, 2 ಪಾಲು ಎಣ್ಣೆ, 2 ಪಾಲು ಪುಡಿ ಕಲಸಿ ಬಿಲದ ಹತ್ತಿರ ಇಡುತ್ತಾರೆ. ಹೊಟ್ಟೆಯ ಹುಳಿ ತಾಗಿದ ಕೂಡಲೇ ಫಾಸ್ಫೀನ್ ಅನ್ನುವ ಗ್ಯಾಸ್ ಆಗುತ್ತದೆ. ಅದಕ್ಕೆ ಮದ್ದಿಲ್ಲ. ತಿಂದು ಕಾಲು ಗಂಟೆಯಿಂದ ನಾಲ್ಕೈದು ಗಂಟೆಯೊಳಗೆ ವಾಂತಿ, ಉಸಿರಾಟಕ್ಕೆ ಕಷ್ಟ, ಸೆಳೆತ ಶುರುವಾಗುತ್ತದೆ. ಆದರೆ ಇದು ಕೇಕಿನ ಹಾಗೆ ಇಲಿಯ ಮಾಂಸದಲ್ಲಿ ಕೂರುವ ವಿಷವಲ್ಲ. ಇಲಿಯ ಹೊಟ್ಟೆಯಲ್ಲಿ ಉಳಿದ ಪುಡಿಯೇ ಅಪಾಯ. ಬಹಳಷ್ಟು ಬೆಕ್ಕುಗಳು ಇಲಿ ತಿಂದ ಮೇಲೆ ಕರುಳಿನ ಗಂಟನ್ನು ಮಾತ್ರ ಅಂಗಳದಲ್ಲಿ ಬಿಟ್ಟು ಹೋಗಿರುತ್ತವೆ, ನೋಡಿರುತ್ತೀರಿ. ಆ ಅಭ್ಯಾಸವೇ ಎಷ್ಟೋ ಬೆಕ್ಕುಗಳನ್ನು ಉಳಿಸಿದೆ. ಕೆಲವರು ಈ ಪುಡಿಯನ್ನು ಒಣಮೀನಿಗೋ ಬಜ್ಜಿಗೋ ಹಚ್ಚಿ ಇಡುತ್ತಾರೆ. ಅದನ್ನು ಬೆಕ್ಕು ಇಲಿಯ ಮೂಲಕ ಅಲ್ಲ, ನೇರವಾಗಿಯೇ ತಿನ್ನುತ್ತದೆ. ಅದೊಂದನ್ನು ಯಾವತ್ತೂ ಮಾಡಿಸಬೇಡಿ.

ಇನ್ನೊಂದು ವಿಷಯ ಸೇರಿಸಲೇಬೇಕು. ಮರಿ ಬೆಕ್ಕು ಎರಡು ಮೂರು ದಿನ ವಾಂತಿ, ಭೇದಿ ಮಾಡಿ, ನೀರಿನ ಬಟ್ಟಲ ಮುಂದೆ ತಲೆ ಇಟ್ಟು ಕೂತು ಸತ್ತರೆ ನಮ್ಮ ಕಡೆ ತಕ್ಷಣ ಪಾಷಾಣದ ಮೇಲೆ ಹಾಕುತ್ತಾರೆ. ಪಕ್ಕದವರ ಮೇಲೆ ಜಗಳವೂ ಆಗುತ್ತದೆ. ಅದು ಬಹಳ ಸಲ ಪ್ಯಾನ್‌ಲ್ಯುಕೋಪೀನಿಯಾ, ಅಂದರೆ ಬೆಕ್ಕುಗಳ ವೈರಸ್ ಕಾಯಿಲೆ. ಲಸಿಕೆ ಇದೆ. ಬೆಳ್ಳಿಗೆ ಅದನ್ನೂ ರೇಬೀಸ್ ಲಸಿಕೆಯನ್ನೂ ಹಾಕಿಸಿಲ್ಲದಿದ್ದರೆ ಈ ತಿಂಗಳೇ ಹಾಕಿಸಿ.

ಈಗ ಒಂದು ಕೆಲಸ ಮಾಡಿ. ಬೆಳ್ಳಿ ಆರಾಮಾಗಿ ಮಲಗಿರುವಾಗ ಮೇಲ್ತುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ ಒಸಡು ನೋಡಿ. ತಿಳಿ ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿದರೆ ಬೆಳ್ಳಗಾಗಿ, ಬಿಟ್ಟ ಕೂಡಲೇ ಬಣ್ಣ ವಾಪಸ್ ಬರಬೇಕು. ಕೆಲವು ಬೆಕ್ಕುಗಳ ಒಸಡು ಹುಟ್ಟಾ ಕಪ್ಪಿರುತ್ತದೆ, ಆಗ ಕೆಳಗಿನ ಕಣ್ಣುರೆಪ್ಪೆಯ ಒಳಗೆ ನೋಡಿ. ಚೆನ್ನಾಗಿರುವಾಗಿನ ಬಣ್ಣ ಗೊತ್ತಿದ್ದರೆ ಕೆಟ್ಟಾಗಿನದು ಗೊತ್ತಾಗುತ್ತದೆ. ವಾರಕ್ಕೊಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಕೆಲವು ವರ್ಷದ ಹಿಂದೆ ಒಬ್ಬರು ಬಿಳಿ ಗಂಡು ಬೆಕ್ಕನ್ನು ಬುಟ್ಟಿಯಲ್ಲಿ ಇಟ್ಟು, ಮೇಲೆ ಇನ್ನೊಂದು ಬುಟ್ಟಿ ಕವುಚಿ, ಹಗ್ಗ ಕಟ್ಟಿ ತಂದರು. ಒಸಡು ಸುಣ್ಣದ ಹಾಗಿತ್ತು. ರಕ್ತ ತೆಗೆದ ಜಾಗದಲ್ಲಿ ಹತ್ತಿ ಒತ್ತಿ ಹಿಡಿದರೆ ಹತ್ತಿ ಒದ್ದೆಯಾಗುತ್ತಲೇ ಇತ್ತು, ನಿಲ್ಲುತ್ತಿಲ್ಲ. ವಿಟಮಿನ್ ಕೆ1 ಶುರು ಮಾಡಿದೆವು. ಎರಡು ದಿನಕ್ಕೆ ಎದ್ದು ಕೂತಿತು, ನಾಲ್ಕನೇ ದಿನಕ್ಕೆ ನನ್ನ ಕೈ ಪರಚಿತು. ಮೂರು ವಾರ ಮಾತ್ರೆ ಕೊಡಿ ಅಂತ ಹೇಳಿ ಕಳಿಸಿದೆ. ಅವರು ಒಂದು ವಾರಕ್ಕೆ ನಿಲ್ಲಿಸಿದರು, ಬೆಕ್ಕು ಚೆನ್ನಾಗಿತ್ತಲ್ಲ. ಐದಾರು ದಿನಕ್ಕೆ ಅದೇ ಬುಟ್ಟಿಯಲ್ಲಿ ವಾಪಸ್ ಬಂತು, ಈ ಸಲ ಉಳಿಯಲಿಲ್ಲ. ಅವರ ತಪ್ಪು ಅಂತ ನಾನು ಹೇಳಲಾರೆ. ಮೂರು ವಾರ ಅಂತ ಹೇಳಿದ್ದೆ, ಯಾಕೆ ಮೂರು ವಾರ ಅಂತ ಹೇಳಿರಲಿಲ್ಲ. ವಿಷ ಪಿತ್ತಜನಕಾಂಗದಲ್ಲಿ ಇರುವಷ್ಟು ದಿನವೂ ಮದ್ದು ಬೇಕು. ನಿಲ್ಲಿಸಿ ಎರಡು ಮೂರು ದಿನ ಕಳೆದ ಮೇಲೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿ ನೋಡಬೇಕು. ಈಗ ಎಲ್ಲರಿಗೂ ಚೀಟಿ ಹಿಂದೆ ಇದನ್ನು ಬರೆದೇ ಕೊಡುತ್ತೇನೆ.

ಮದ್ದಿನ ವಿಷಯದಲ್ಲಿ ಒಂದು ಎಚ್ಚರ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ವಿಟಮಿನ್ ಕೆ ಕೊಡಿ ಅಂದರೆ ಕೆಲವೊಮ್ಮೆ ಕೆ3 ಕೊಡುತ್ತಾರೆ. ಈ ವಿಷಕ್ಕೆ ಅದು ನಾಟುವುದಿಲ್ಲ, ಕೆ1 ಆಗಬೇಕು. ನಮ್ಮ ಸಣ್ಣ ಊರುಗಳಲ್ಲಿ ಅದು ಯಾವಾಗಲೂ ಸಿಗುತ್ತದೆ ಅಂತ ಇಲ್ಲ. ನಿಮ್ಮ ಹತ್ತಿರದ ಪಶು ಆಸ್ಪತ್ರೆಯಲ್ಲಿ ಇದೆಯಾ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಪಕ್ಕದ ಮನೆಯವರು ಮಾಡಿದ ಉಪಚಾರದ ಬಗ್ಗೆಯೂ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬಾರದು. ಉಪ್ಪು ನೀರು ಕುಡಿಸಿದರೆ ವಾಂತಿ ಆಗಬಹುದು, ಆಗದೆಯೂ ಇರಬಹುದು. ಆಗದಿದ್ದರೆ ಆ ಉಪ್ಪೇ ಮೆದುಳಿಗೆ ಹೊಡೆಯುತ್ತದೆ. ಏದುಸಿರು ಬಿಡುವ ಬೆಕ್ಕಿನ ಬಾಯಿಗೆ ಎಣ್ಣೆ ಸುರಿದರೆ ಅರ್ಧ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಲು ವಿಷ ಕಳೆಯುತ್ತದೆ ಅನ್ನೋದಕ್ಕೆ ಯಾವ ಆಧಾರವೂ ಇಲ್ಲ. ಮಾಡಬೇಕಾದ್ದು ಇಷ್ಟೇ: ಬೆಕ್ಕನ್ನು ಬುಟ್ಟಿಗೆ ಹಾಕಿ, ವಿಷದ ಪ್ಯಾಕೆಟ್ಟಿನ ಕವರನ್ನು ಜೊತೆಗೆ ಇಟ್ಟುಕೊಂಡು ಹೊರಡಿ. ಆ ಕವರು ನೋಡಿದರೆ ನನಗೆ ಅರ್ಧ ಗಂಟೆಯ ತಲೆಬಿಸಿ ಉಳಿಯುತ್ತದೆ. ಗಾಡಿ ಇಲ್ಲದಿದ್ದರೆ 1962ಕ್ಕೆ ಫೋನ್ ಮಾಡಿ, ಅದು ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ. ಕಪ್ಪು ಪುಡಿ ಅಂತ ಅನುಮಾನ ಇದ್ದರೆ, ವಾಂತಿಗೆ ಬೆಳ್ಳುಳ್ಳಿ ಕೊಳೆತಂಥ ವಾಸನೆ ಬರುತ್ತಿದ್ದರೆ, ಕಿಟಕಿ ಬಾಗಿಲು ತೆರೆದಿಡಿ. ಬಗ್ಗಿ ಮೂಸಿ ನೋಡಬೇಡಿ. ಆ ಗ್ಯಾಸ್ ನಿಮಗೂ ಒಳ್ಳೆಯದಲ್ಲ.

ಮಗಳ ವಿಷಯಕ್ಕೆ ಬರೋಣ. ಬೀಗರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಟಾಕ್ಸೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿ ಇಲಿಯಿಂದ ಬೆಕ್ಕಿಗೆ ಬರುತ್ತದೆ, ಬೆಕ್ಕಿನ ಹೇಲಿನಲ್ಲಿ ಅದರ ತತ್ತಿ ಹೊರಬೀಳುತ್ತದೆ. ಬಸುರಿಗೆ ಅದು ಮೊದಲ ಸಲ ತಗುಲಿದರೆ ಮಗುವಿನ ಕಣ್ಣಿಗೆ, ಮೆದುಳಿಗೆ ತೊಂದರೆ ಆಗಬಹುದು. ಇಷ್ಟು ನಿಜ. ಆದರೆ ಬೆಕ್ಕು ಜೀವಮಾನವಿಡೀ ಅದನ್ನು ಹೊರಹಾಕುತ್ತಿರುತ್ತದೆ ಅನ್ನೋದು ತಪ್ಪು ತಿಳಿವಳಿಕೆ. ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ ಒಂದರಿಂದ ಮೂರು ವಾರ, ಅಷ್ಟೇ. ಮರಿಯಿಂದಲೇ ಇಲಿ ಹಿಡಿಯುತ್ತಾ ಮೂರು ವರ್ಷ ಕಳೆದ ಬೆಳ್ಳಿ ಆ ಹಂತವನ್ನು ದಾಟಿರುವ ಸಾಧ್ಯತೆಯೇ ಜಾಸ್ತಿ. ಹೊರಬಿದ್ದ ತತ್ತಿ ಕೂಡ ಆಗಿಂದಾಗಲೇ ಅಂಟುವುದಿಲ್ಲ, ಬಲಿಯಲು ಒಂದರಿಂದ ಐದು ದಿನ ಬೇಕು. ಹಾಗಾಗಿ ದಿನದಿನದ ಹೇಲನ್ನು ಅವತ್ತವತ್ತೇ ತೆಗೆದರೆ ಅಪಾಯ ತುಂಬಾ ಇಳಿಯುತ್ತದೆ. ಮುಟ್ಟಿದ್ದಕ್ಕೆ, ತೊಡೆ ಮೇಲೆ ಕೂರಿಸಿಕೊಂಡಿದ್ದಕ್ಕೆ ಬರುವ ಕಾಯಿಲೆ ಇದಲ್ಲ.

ಈಗ ಹೊಳೆ ದಾಟಿಸುವ ಮಾತು. ಬೆಳ್ಳಿಯನ್ನು ಬಿಟ್ಟು ಬಂದಿರಿ ಅಂತಿಟ್ಟುಕೊಳ್ಳಿ. ತಿಂಗಳೊಳಗೆ ಅಟ್ಟದ ಮೇಲೆ ಇಲಿಗಳ ಸಂತೆ ನಡೆಯುತ್ತದೆ, ಯಾರೋ ಒಂದು ಮರಿ ತಂದು ಕೊಡುತ್ತಾರೆ, ಆ ಮರಿ ತನ್ನ ಮೊದಲ ಇಲಿ ತಿನ್ನುವ ಹೊತ್ತಿಗೆ ನಿಮ್ಮ ಮಗಳು ಎಂಟು ತಿಂಗಳ ಬಸುರಿಯಾಗಿ ಮನೆಯಲ್ಲಿರುತ್ತಾಳೆ. ತತ್ತಿ ಹೊರಹಾಕುವ ಬೆಕ್ಕು ಅಂದರೆ ಅಂಥ ಮರಿಯೇ. ಹಳೆಯ ಬೆಕ್ಕೇ ಕ್ಷೇಮ ಅಲ್ವಾ?

ಮಗಳು ಬಂದ ಮೇಲೆ ಬೆಕ್ಕಿನ ಹೇಲು ತೆಗೆಯೋದು, ಹೂವಿನ ಗಿಡದ ಬುಡ ಕೆದಕೋದು, ತರಕಾರಿ ಮಡಿ ಮಾಡೋದು ಬೇರೆಯವರ ಪಾಲಿಗೆ ಇರಲಿ. ಮನೆ ಕೆಲಸಕ್ಕೆ ಅಂತ ತರಿಸಿದ ಮರಳಿನ ರಾಶಿ ಅಂಗಳದಲ್ಲಿದ್ದರೆ ಟಾರ್ಪಾಲ್ ಮುಚ್ಚಿ, ಊರಿನ ಬೆಕ್ಕುಗಳಿಗೆಲ್ಲ ಅದೇ ಕಕ್ಕಸು. ಹಸಿ ಸೊಪ್ಪು, ಸೌತೆಕಾಯಿ ಕೋಸಂಬರಿಗೆ ಹಾಕುವ ಮೊದಲು ಚೆನ್ನಾಗಿ ತೊಳೆಯಿರಿ. ಬೆಕ್ಕನ್ನೇ ಸಾಕದ ಮನೆಗಳಿಗೂ ಇದು ಬರೋದು ಹೆಚ್ಚಾಗಿ ಮಣ್ಣಿನಿಂದ, ತೊಳೆಯದ ತರಕಾರಿಯಿಂದ, ಸರಿಯಾಗಿ ಬೇಯದ ಮಾಂಸದಿಂದ. ಮಗಳನ್ನು ನೋಡುವ ಡಾಕ್ಟರಿಗೆ ಮನೆಯಲ್ಲಿ ಬೆಕ್ಕಿದೆ ಅಂತ ಹೇಳಿ. ಬೇಕು ಅನ್ನಿಸಿದರೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಬೆಕ್ಕು, ಮಣ್ಣಿನ ಜೊತೆಯೇ ಬೆಳೆದ ಹುಡುಗಿಗೆ ಎಂದೋ ಬಂದು ಹೋಗಿದ್ದರೆ ಅದೂ ಗೊತ್ತಾಗುತ್ತದೆ.

ಪ್ಲೇಗಿನ ಹೆದರಿಕೆ ನಮ್ಮ ಅಜ್ಜಿಯರ ಕಾಲದ್ದು. ಅದು ಸುಮ್ನೆ ಹುಟ್ಟಿದ್ದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಆದ ಅನಾಹುತದ ನಂತರ ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳು ಬೆಳೆದವು. ಮನೆಯಲ್ಲಿ ಇಲಿ ಸತ್ತು ಬಿತ್ತು ಅಂದರೆ ಜನ ಊರಾಚೆ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. 1994ರಲ್ಲಿ ಸೂರತ್‌ನಲ್ಲಿ ಕಾಣಿಸಿಕೊಂಡಾಗ ಮತ್ತೆ ದೇಶವೇ ನಡುಗಿತು. ಬೆಕ್ಕಿಗೂ ಪ್ಲೇಗು ಬರುತ್ತದೆ, ನಿಜ. ಆದರೆ ನಿಮ್ಮ ತೋಟದಲ್ಲಿ ಇವತ್ತು ಅದರ ಚಿಂತೆ ಬೇಡ. ಒಂದೇ ಸಲಕ್ಕೆ ಹತ್ತಾರು ಇಲಿ, ಯಾರೂ ವಿಷ ಇಡದೆಯೇ ಸತ್ತು ಬಿದ್ದರೆ ಮಾತ್ರ ಆರೋಗ್ಯ ಇಲಾಖೆಗೆ ತಿಳಿಸಿ.

ಇಲಿ ಜ್ವರ ಬೇರೆ. ಅದು ನಮ್ಮಲ್ಲಿ ಇದೆ, ಮಳೆಗಾಲದಲ್ಲಿ ಜಾಸ್ತಿ. ಇಲಿಯ ಉಚ್ಚೆ ಸೇರಿದ ನೀರು, ಕೆಸರಿನಿಂದ ಬರುತ್ತದೆ. ಬೆಕ್ಕಿಗೆ ಸೋಂಕು ತಗುಲಬಹುದು, ಆದರೆ ಅದರಿಂದ ಕಾಯಿಲೆ ಬೀಳೋದು ಅಪರೂಪ. ಬೆಳ್ಳಿಗಿಂತ ನನಗೆ ಚಿಂತೆ, ಕಾಲು ಒಡೆದುಕೊಂಡು ಬರಿಗಾಲಲ್ಲಿ ತೋಟದ ಕಾಲುವೆಗೆ ಇಳಿಯುವ ನಿಮ್ಮ ಮನೆಯವರದು. ಗಮ್‌ಬೂಟು ಹಾಕಿಕೊಳ್ಳಲಿ. ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾದರೆ ಡಾಕ್ಟರ ಹತ್ತಿರ ತೋಟದ ನೀರಿಗೆ ಇಳಿದಿದ್ದೆ ಅಂತ ಹೇಳಲಿ.

ಬಾಲದ ಬುಡದ ಅಕ್ಕಿಕಾಳು ಲಾಡಿಹುಳುವಿನ ತುಂಡು. ಹಸಿಯಾಗಿದ್ದಾಗ ನೋಡಿದರೆ ಮೆಲ್ಲಗೆ ಹಿಗ್ಗಿ ಕುಗ್ಗುತ್ತಿರುತ್ತದೆ. ಇಲಿಯ ಪಿತ್ತಜನಕಾಂಗದಲ್ಲಿ ಬಿಳಿ ಗುಳ್ಳೆಯಂತೆ ಇರುವ ಮರಿಹುಳುವನ್ನು ತಿಂದು ಬರುತ್ತದೆ, ಇಲ್ಲವೇ ಮೈಮೇಲಿನ ಚಿಗಟ ನುಂಗಿ ಬರುತ್ತದೆ. ಪ್ರಾಜಿಕ್ವಾಂಟೆಲ್ ಇರುವ ಹುಳುವಿನ ಮಾತ್ರೆ ಬೇಕು, ತೂಕ ನೋಡಿ ಡಾಕ್ಟರು ಕೊಡುತ್ತಾರೆ. ಮಾತ್ರೆ ಕೊಟ್ಟರೂ ಒಂದೂವರೆ ಎರಡು ತಿಂಗಳಿಗೆ ಮತ್ತೆ ಕಂಡರೆ ಮದ್ದು ಸರಿಯಿಲ್ಲ ಅಂತಲ್ಲ, ಬೆಳ್ಳಿ ಮತ್ತೊಂದು ಇಲಿ ತಿಂದಿದೆ ಅಂತ. ಇಂಥ ಬೆಕ್ಕಿಗೆ ಎರಡು ಮೂರು ತಿಂಗಳಿಗೊಮ್ಮೆ ಕೊಡುತ್ತಲೇ ಇರಬೇಕು.

ಹೆಗ್ಗಣದ ಜೊತೆ ಬಿದ್ದಾಡಿ ಕಚ್ಚಿಸಿಕೊಂಡು ಬಂದರೆ ಅವತ್ತು ಏನೂ ಕಾಣದು. ಕೂದಲ ಕೆಳಗೆ ಎರಡು ಸೂಜಿ ಚುಚ್ಚಿದ ತೂತು, ಅಷ್ಟೇ. ಮೂರ್ನಾಲ್ಕು ದಿನಕ್ಕೆ ಕೆನ್ನೆ ಊದಿ ಕೀವಾಗುತ್ತದೆ. ಅರಿಶಿನ ಮೆತ್ತಿ ಬಾಯಿ ಮುಚ್ಚಿಸಬೇಡಿ, ಒಳಗೇ ಕೊಳೆಯುತ್ತದೆ. ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಅಂತೂ ಕೊಡಲೇಬೇಡಿ. ಮನುಷ್ಯರ ಅರ್ಧ ಮಾತ್ರೆ ಒಂದು ಬೆಕ್ಕನ್ನು ಕೊಲ್ಲಲು ಸಾಕು. ಹೆಗ್ಗಣ ಕಚ್ಚಿ ಸಾಯದ ಬೆಕ್ಕು ಆ ಮಾತ್ರೆಯಿಂದ ಸತ್ತಿದ್ದನ್ನು ನೋಡಿದ್ದೇನೆ.

ಅತ್ತೆಯವರ ಮಾತಿಗೆ ಬರುತ್ತೇನೆ. ಹಿರಿಯರಿಗೆ ಎದುರಾಡಿದೆ ಅಂದುಕೊಳ್ಳಬೇಡಿ. ಬೆಕ್ಕಿನಲ್ಲಿ ಹಸಿವು ಬೇರೆ, ಬೇಟೆಯ ಚಟ ಬೇರೆ. ಹೊಟ್ಟೆ ತುಂಬಿದ ಬೆಕ್ಕೂ ಇಲಿ ಹಿಡಿಯುತ್ತದೆ. ಆಡಿಸಿ, ಕೊಂದು, ಮೂಸಿ ಬಿಟ್ಟು ಹೋಗುತ್ತದೆ. ಹಸಿದ ಬೆಕ್ಕು ಪೂರ್ತಿ ತಿನ್ನುತ್ತದೆ, ಕೇಕು ತಿಂದು ತೂರಾಡುವ ಇಲಿಯನ್ನೂ ಬಿಡುವುದಿಲ್ಲ. ವಿಷ ಇಡುವ ಮನೆಯಲ್ಲಿ ಬೆಕ್ಕನ್ನು ಅರೆಹೊಟ್ಟೆಯಲ್ಲಿ ಇಡೋದು ಅಂದರೆ ನಾವೇ ತಿನ್ನಿಸಿದ ಹಾಗೆ.

ಇಲ್ಲೊಂದು ತಮಾಷೆಯೂ ಇದೆ. ಹಾಲು-ಅನ್ನದಿಂದ ಬೆಕ್ಕು ಬದುಕಲಾರದು. ಅದಕ್ಕೆ ಟಾರೀನ್ ಅನ್ನುವ ಅಂಶ ಆಹಾರದಿಂದಲೇ ಬರಬೇಕು, ಅದು ಮಾಂಸದಲ್ಲಿ ಮಾತ್ರ ಸಾಕಷ್ಟು ಇರುತ್ತದೆ. ಅದಿಲ್ಲದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಹೃದಯದ್ದು 1987ರಲ್ಲಿ ಗೊತ್ತಾದದ್ದು. ನಿಮ್ಮ ಮನೆಯಲ್ಲಿ ಮೂರು ವರ್ಷ ಬೆಳ್ಳಿ ಗಟ್ಟಿಮುಟ್ಟಾಗಿ ಇದ್ದದ್ದು ನೀವು ಹಾಕಿದ ಹಾಲು-ಅನ್ನದಿಂದ ಅಲ್ಲ ಅಮ್ಮಾ, ಅಟ್ಟದ ಇಲಿಯಿಂದ. ಹಾಗಾಗಿ ಇಲಿ ತಪ್ಪಿಸುವುದಾದರೆ ಅಂಗಡಿಯ ಬೆಕ್ಕಿನ ಆಹಾರ ಕೊಡಲೇಬೇಕು. ಒಣ ಕಾಳಿನ ಹಾಗಿರುತ್ತದೆ, ಅಡುಗೆಮನೆಯೊಳಗೆ ತರಬೇಕಿಲ್ಲ, ಜಗಲಿಯಲ್ಲೇ ಒಂದು ಡಬ್ಬಿ ಇಟ್ಟುಕೊಳ್ಳಬಹುದು.

ಹಾಗಾದರೆ ಏನು ಮಾಡೋದು? ನನ್ನ ಮನೆಯಾಗಿದ್ದರೆ ಬೆಕ್ಕು ಇರಲಿ, ವಿಷ ಹೋಗಲಿ ಅನ್ನುತ್ತಿದ್ದೆ. ಇವತ್ತೇ ಕೈಗೆ ಗ್ಲೌಸ್ ಹಾಕಿ ಆ ಕೇಕುಗಳನ್ನೆಲ್ಲ ಎಣಿಸಿ ಹೆಕ್ಕಿಸಿ. ಅಡಿಕೆ ಕೋಣೆಗೆ ಬೋನು ಅಥವಾ ಚಟ್ ಅಂತ ಬೀಳುವ ಕತ್ತರಿ ಇಡಿ, ಕೊಬ್ಬರಿ ಚೂರು ಸಿಕ್ಕಿಸಿ. ಕತ್ತರಿ ಆದರೆ ಬೆಳ್ಳಿಯ ಕೈ ತೂರದ ಪೆಟ್ಟಿಗೆಯೊಳಗೆ ಇಡಿ. ಗೋಡೆಯ ತೂತುಗಳಿಗೆ ಸಿಮೆಂಟು, ಬಾಗಿಲ ಕೆಳಗಿನ ಸಂದಿಗೆ ತಗಡು. ಪೆನ್ಸಿಲು ತೂರುವಷ್ಟು ಸಂದಿ ಇದ್ದರೆ ಸಣ್ಣಿಲಿಗೆ ಸಾಕು. ಇಷ್ಟು ಮಾಡಿದರೂ ಇಲಿ ಪೂರ್ತಿ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ, ಹಂಚಿನ ಮನೆಯಲ್ಲಿ ಅದು ಸಾಧ್ಯವೂ ಇಲ್ಲ. ಉಳಿದದ್ದನ್ನು ಬೆಳ್ಳಿ ನೋಡಿಕೊಳ್ಳುತ್ತದೆ.

ಮನೆಯವರು ಒಪ್ಪದಿದ್ದರೆ, ಅಡಿಕೆ ನಷ್ಟ ನೋಡಿದವರ ಸಿಟ್ಟೂ ನನಗೆ ಅರ್ಥವಾಗುತ್ತದೆ, ಕೇಕನ್ನು ಬೀಗ ಹಾಕುವ ಪೆಟ್ಟಿಗೆಯಲ್ಲಿ ತಂತಿಯಿಂದ ಬಿಗಿದು ಇಡಲಿ, ಇಲಿ ಹೊತ್ತೊಯ್ಯದ ಹಾಗೆ. ದಿನಾ ಬೆಳಗ್ಗೆ ಸತ್ತ ಇಲಿ ಹುಡುಕಿ ಆಳವಾಗಿ ಹುಗಿಯಲಿ, ತಿಪ್ಪೆಗೆ ಎಸೆದರೆ ಕಾಗೆ, ಗೂಬೆ, ನಾಯಿಯ ಸರದಿ. ಅಷ್ಟು ದಿನ ಮತ್ತು ಕೊನೆಯ ಕೇಕು ತೆಗೆದು ಎರಡು ಮೂರು ವಾರ ಬೆಳ್ಳಿ ಒಂದು ಕೋಣೆಯಲ್ಲಿ ಇರಬೇಕು. ಅದು ಎಷ್ಟು ಕೂಗುತ್ತದೆ ಅಂತ ನಿಮಗೇ ಗೊತ್ತು. ಒಂದು ಕಿಟಕಿ ತೆರೆದಿದ್ದರೆ ಮುಗಿಯಿತು, ಅದಕ್ಕೇ ಈ ದಾರಿಯ ಮೇಲೆ ನನಗೆ ನಂಬಿಕೆ ಕಡಿಮೆ.

ಕೊನೆಗೆ ಚಾಪೆ ಪಕ್ಕ ಇಡುವ ಇಲಿ. ಬೈಯಬೇಡಿ, ಬೈದರೆ ತರೋದು ನಿಲ್ಲಿಸಿ ಬೇರೆ ಎಲ್ಲೋ ಕೂತು ತಿನ್ನುತ್ತದೆ. ಆಗ ನಿಮಗೆ ಏನೂ ಗೊತ್ತಾಗುವುದಿಲ್ಲ. ಬೆಳ್ಳಿಗೆ ಅದರ ಡಬ್ಬಿಯಿಂದ ಒಂದು ಹಿಡಿ ಕಾಳು ಹಾಕಿ ಗಮನ ತಪ್ಪಿಸಿ, ಇಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೈ ಹಾಕಿ ಎತ್ತಿ. ಹುಗಿಯುವ ಮೊದಲು ಒಂದು ಸಲ ನೋಡಿ. ಮೂಗಿನ ಹತ್ತಿರ ರಕ್ತ ಇದೆಯಾ, ಕೋಣೆಯಲ್ಲಿ ನೀಲಿಯೋ ಹಸಿರೋ ಬಣ್ಣದ ಹಿಕ್ಕೆ ಬಿದ್ದಿದೆಯಾ? ಇದ್ದರೆ ಆ ಇಲಿ ಕೇಕು ತಿಂದಿದೆ. ಅವತ್ತೇ ಬೆಳ್ಳಿಯ ತುಟಿ ಎತ್ತಿ ನೋಡಿ, ಒಸಡು ಹೇಗೇ ಇರಲಿ, ಪಶು ಆಸ್ಪತ್ರೆಗೆ ಫೋನ್ ಮಾಡಿ.